ಕುರಿ ಒಲ್ಲದ ಹುಲ್ಲು

ಹೋದ ತಿಂಗಳು ಹೊಳಲ್ಕೆರೆಯಲ್ಲಿ ಒಂದು ಮದುವೆ. ಕಲ್ಯಾಣ ಮಂಟಪದ ಮುಂದೆ ಚೆಂದದ ಲಾನ್ ಬೆಳೆಸಿದ್ದರು. ಜರಿ ಪಂಚೆ ಉಟ್ಟುಕೊಂಡು ಊಟದ ಸರದಿಗಾಗಿ ಅದರ ಅಂಚಿನಲ್ಲಿ ಕಾಯುತ್ತಿದ್ದ ನಾನು, ಹುಲ್ಲಿನ ನಡುವೆ ಗರಿಕೆಯ ಒಂದು ಕುಡಿ ಕಂಡದ್ದೇ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟೆ. ಬೆರಳು ತಾನಾಗಿಯೇ ಹೋಯಿತು. ಬುಡ ಎಲ್ಲಿದೆಯೆಂದು ತಡಕುತ್ತಿರುವಾಗ ಯಾರೋ ಪಕ್ಕದಲ್ಲಿ ಬಂದು ಕುಳಿತು “ಉಂಗುರನಾ?” ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಇನ್ನೂ ಮೂವರು ಕುಳಿತಿದ್ದರು. ಒಬ್ಬ ಅಜ್ಜಿ, “ಬಿಡಪ್ಪ, ಹೋಗಿದ್ದು ಹೋತು, ಕೈಬೆಳ್ಳು ಉಳ್ಕಂಡೈತಲ್ಲ” ಎಂದು ಸಮಾಧಾನ ಹೇಳಿದಳು. ಉಂಗುರ ಕಳೆದುಕೊಳ್ಳದ ನಾನು ಹತ್ತು ನಿಮಿಷ ಅವರೆಲ್ಲರ ಜೊತೆ ಉಂಗುರ ಹುಡುಕಿದೆ. ಗರಿಕೆಯನ್ನಂತೂ ಕಿತ್ತೆ. ಆದರೆ ಬಿಸಾಡುವುದಕ್ಕೆ ಮನಸ್ಸಾಗದೆ ಜೇಬಿನಲ್ಲಿಟ್ಟುಕೊಂಡೆ.

ಈ ಚಟ ನನಗೆ ಹೇಗೆ ಹತ್ತಿತು ಎಂದು ಹೇಳಬೇಕಾದರೆ ನಾನು ಯಾರೆಂದು ಮೊದಲು ಹೇಳಬೇಕು. ನನ್ನ ಹೆಸರು ತಿಮ್ಮಣ್ಣ. ಐಮಂಗಲದ ಹತ್ತಿರದ ಹಳ್ಳಿಯವನು, ಕುರಿ ಕಾಯುವ ಮನೆಯಲ್ಲಿ ಹುಟ್ಟಿದವನು. ಮೂವತ್ತು ವರ್ಷ ಬಸ್ ನಿಲ್ದಾಣಗಳಲ್ಲಿ ಸಂಚಾರ ನಿಯಂತ್ರಕನಾಗಿದ್ದೆ. ಅಂದರೆ, ಯಾವ ಬಸ್ಸು ಎಷ್ಟು ಗಂಟೆಗೆ ಯಾವ ಅಂಕಣಕ್ಕೆ ಬರುತ್ತದೆಂದು ಮೈಕಿನಲ್ಲಿ ಹೇಳುವವನು ನಾನೇ. ಬಸ್ಸು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ, ಆ ಮಾತು ಬೇರೆ.

ಕುರಿ ಕಾಯುವವರ ಮನೆಯಲ್ಲಿ ಹುಲ್ಲು ಎಂದರೆ ಹುಡುಕಿಕೊಂಡು ಹೋಗುವ ವಸ್ತು. ಅದು ಮನೆಯ ಮುಂದೆ ಇರುವುದಿಲ್ಲ, ಯಾವಾಗಲೂ ಮುಂದಿನ ಊರಿನಲ್ಲಿರುತ್ತದೆ. ನನಗೆ ಎಂಟೊಂಬತ್ತು ವರ್ಷವಿದ್ದಾಗ ಒಂದು ಬೇಸಿಗೆಯಲ್ಲಿ ಅಪ್ಪನ ಜೊತೆ ಕುರಿ ಹೊಡೆದುಕೊಂಡು ಹಿರಿಯೂರು ದಾಟುತ್ತಿದ್ದೆ. ದಾರಿಯಲ್ಲಿ ಒಂದು ಸರ್ಕಾರಿ ಬಂಗಲೆ. ಅದರ ಮುಂದೆ, ಯಾರೋ ಮಳೆಗಾಲದ ಒಂದು ತುಂಡನ್ನು ಕತ್ತರಿಸಿ ತಂದು ಇಟ್ಟ ಹಾಗೆ, ಹಸಿರು. ಪಕ್ಕದಲ್ಲೊಂದು ಬೋರ್ಡು.

“ಏನ್ ಬರ್ದಾರ್ಲಾ ಅದ್ರಾಗೆ?” ಅಪ್ಪ ಕೇಳಿದ. ನಾನು ಕೂಡಿಸಿಕೊಂಡು ಓದಿದೆ. “ಹುಲ್ಲು ತುಳಿಯಬೇಡಿ.”

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ ಕುರಿಗಳನ್ನು ಒಳಗೆ ಬಿಟ್ಟ. ಕಾವಲುಗಾರ ಓಡಿ ಬಂದಾಗ ಅಪ್ಪ ಶಾಂತವಾಗಿಯೇ ಕೇಳಿದ. “ತುಳಿಬ್ಯಾಡ ಅಂತ ಐತೆ. ತಿನ್ನಬ್ಯಾಡ ಅಂತ ಎಲ್ಲೈತೆ ತೋರ್ಸು ಸ್ವಾಮಿ.” ಪಾಪ, ಆತ ಬೋರ್ಡಿನ ಮುಂದೆ ನಿಂತು ಎರಡು ಸಲ ಓದಿದ. ಆಮೇಲೆ ಒಳಗಿರುವವರನ್ನು ಕೇಳಿ ಬರುತ್ತೇನೆಂದು ಹೋದ. ಅವನು ತಿರುಗಿ ಬರುವಷ್ಟರಲ್ಲಿ ತುಳಿಯುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಆ ಕಾಲದ ಲಾನು ಬರಿಯ ಗರಿಕೆಯದ್ದು ನೋಡಿ, ಕುರಿಗಳಿಗೆ ಹಬ್ಬ. ನನಗೆ ಮಾತ್ರ ಆ ಬೋರ್ಡು ತಲೆಯಲ್ಲಿ ಕೂತುಬಿಟ್ಟಿತು. ತಿನ್ನುವುದಕ್ಕಲ್ಲ, ನೋಡುವುದಕ್ಕೆಂದೇ ಹುಲ್ಲು ಬೆಳೆಸುವವರು ಇದ್ದಾರೆ ಎಂದಾದರೆ, ಬೆಳೆದರೆ ಅಂಥವನಾಗಿ ಬೆಳೆಯಬೇಕು.

ಆದೆ. ನಿವೃತ್ತಿಯಾದ ಮೇಲೆ ಚಿತ್ರದುರ್ಗದ ಅಂಚಿನ ಬಡಾವಣೆಯಲ್ಲಿ ಮನೆ ಕಟ್ಟಿದಾಗ ಮುಂದೆ ಇಪ್ಪತ್ತು ಅಡಿಗೆ ಹದಿನೈದು ಅಡಿ ಜಾಗ ಬಿಟ್ಟೆ. ನನ್ನ ಹೆಂಡತಿ ರತ್ನ ಅಲ್ಲಿ ಬದನೆ, ಟೊಮೇಟೊ, ಒಂದು ಕರಿಬೇವು ಎಂದು ಲೆಕ್ಕ ಹಾಕಿದ್ದಳು. ನಾನು ನರ್ಸರಿಯಿಂದ ಮೆಕ್ಸಿಕನ್ ಹುಲ್ಲು ತರಿಸಿದೆ. ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಬಂದಿತ್ತು. ಅದನ್ನು ಹಾಸಿಕೊಟ್ಟ ನರ್ಸರಿಯವನು, ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಗೆ ಹೇಳುವ ಹಾಗೆ ನನಗೆ ಪಥ್ಯ ಹೇಳಿ ಹೋದ. ನೀರು ಬೆಳಗಿನ ಹೊತ್ತೇ ಕೊಡಬೇಕು, ಮೇಲೆ ಚಿಮುಕಿಸದೆ ಬೇರಿಗೆ ಇಳಿಯುವ ಹಾಗೆ ಕೊಡಬೇಕು. ಕತ್ತರಿಸುವಾಗ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ಜರಡಿ ಹಿಡಿದ ಮಣ್ಣು, ಮರಳು, ಗೊಬ್ಬರ ಬೆರೆಸಿ ಆಗಾಗ ಉದುರಿಸಬೇಕು. ಕಳೆ ಕಂಡರೆ ಬೇರು ಸಮೇತ ಕೀಳಬೇಕು. “ಮುಖ್ಯವಾಗಿ ಗರಿಕೆ ಸಾರ್,” ಎಂದ, ದನಿ ತಗ್ಗಿಸಿ. “ಒಂದು ಎಳೆ ಬಿಟ್ರೆ ಮುಗೀತು.”

ನಾನು ಬಿಡಲಿಲ್ಲ. ಒಂದು ವರ್ಷ ಮೊಣಕಾಲ ಮೇಲೇ ಬದುಕಿದೆ. ಬಂದ ನೆಂಟರಿಗೆ ಲಾನನ್ನು ಬಳಸಿಕೊಂಡು, ಗೋಡೆಗೆ ಆತು, ಪಕ್ಕಕ್ಕೆ ತಿರುಗಿ ನಡೆಯಲು ಕಲಿಸಿದೆ. ಸ್ವಲ್ಪ ದಪ್ಪಗಿದ್ದವರು ಫೋನಿನಲ್ಲೇ ಮಾತಾಡಿ ಮುಗಿಸುತ್ತಿದ್ದರು. ಇಷ್ಟಾದರೂ ಗರಿಕೆ ಬರುತ್ತಲೇ ಇತ್ತು. ಬುಧವಾರ ಕಿತ್ತದ್ದು ಶುಕ್ರವಾರ ಮುಂದಿನ ಅಂಕಣದಲ್ಲಿ ಬಂದು ನಿಂತಿರುತ್ತಿತ್ತು.

ಹೀಗಿರುವಾಗ ಈರಣ್ಣ ಮಾವ ಬಂದರು. ಈರಣ್ಣ ಮಾವ ನನ್ನ ತಾಯಿಯ ತಮ್ಮ, ರತ್ನಳ ಅಪ್ಪ. ನಮ್ಮ ಕಡೆ ಈ ಎರಡೂ ಒಬ್ಬರೇ ಆಗಿರುವುದು ಹೊಸದಲ್ಲ. ತಾಯಿಯ ತಮ್ಮನಾಗಿ ಅವರು ನನ್ನನ್ನು “ಲೇ ತಿಮ್ಮ” ಎನ್ನುತ್ತಾರೆ. ಸಿಟ್ಟು ಬಂದರೆ ಮಾವನಾಗಿ “ಅಳಿಯೋರೆ” ಎನ್ನುತ್ತಾರೆ. ಐವತ್ತು ವರ್ಷ ಕುರಿಗಳ ಹಿಂದೆ ನಡೆದು ಅವರ ಬಲಗಾಲಿನ ಮಂಡಿ ಬಿಗಿದುಹೋಗಿತ್ತು. ಮಡಚಲು ಬರುತ್ತಿರಲಿಲ್ಲ. ದುರ್ಗದ ಆಸ್ಪತ್ರೆಯಲ್ಲಿ ಮೂರು ತಿಂಗಳು, ವಾರಕ್ಕೊಮ್ಮೆ, ಮಂಡಿಗೆ ವ್ಯಾಯಾಮ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದರಿಂದ ಅವರ ಗಂಡುಮಕ್ಕಳು ಕರೆತಂದು ಬಿಟ್ಟು ಹೋದರು. ನೆಲದ ಮೇಲೆ ಕೂರಲಾಗದೆ ಮಾವ ಮೇಜಿನ ಮುಂದೆ ಕುರ್ಚಿಯಲ್ಲಿ ಊಟ ಮಾಡುತ್ತಿದ್ದರು. “ಪರೀಕ್ಷೆ ಬರ್ಯಕ್ ಕುಂತಂಗಾಗುತ್ತೆ” ಎಂದು ಗೊಣಗುತ್ತಿದ್ದರು.

ಉಳಿದ ಹೊತ್ತೆಲ್ಲ ನಿಂತೇ ಇರುತ್ತಿದ್ದರು. ಹೆಗಲ ಮೇಲೆ ಕಂಬಳಿ, ಕೋಲಿನ ಮೇಲೆ ಎರಡೂ ಕೈ, ಕೈ ಮೇಲೆ ಗದ್ದ. ಮುಂದೆ ಕುರಿ ಇರಲಿಲ್ಲವಾದ್ದರಿಂದ ನನ್ನ ಲಾನನ್ನು ಕಾಯುತ್ತಿದ್ದರು.

“ಎಲ್ಲೀದ್ಲಾ ಇದು?” ಎಂದರು ಮೊದಲ ದಿನ.

“ಮೆಕ್ಸಿಕೊ ಹುಲ್ಲು ಮಾವ.”

“ಅದೆಲ್ಲೈತೆ? ಚಳ್ಳಕೆರೆ ಆಚೀಗಾ?”

“ಸಮುದ್ರ ದಾಟಿ ಹೋಗ್ಬೇಕು.”

ಮಾವ ತಲೆದೂಗಿದರು. ಅಷ್ಟು ದೂರ ಯಾರೋ ಕುರಿ ಹೊಡೆದುಕೊಂಡು ಹೋಗಿ ಬಂದಿರಬೇಕು ಎಂಬ ಗೌರವ ಅವರ ಮುಖದಲ್ಲಿತ್ತು.

ಗ್ರಹಚಾರ ಕೆಟ್ಟದ್ದು ಎರಡನೆಯ ವಾರ. ನಾನು ಲಾನ್ ಕತ್ತರಿಸಿ, ಕತ್ತರಿಸಿದ ಹುಲ್ಲನ್ನು ಚೀಲಕ್ಕೆ ತುಂಬಿ, ಕಸದ ಗಾಡಿ ಹಾಡು ಹಾಕಿಕೊಂಡು ಬಂದಾಗ ಅದರೊಳಗೆ ಸುರಿದೆ. ಹಿಂದೆ ತಿರುಗಿದರೆ ಮಾವ ನಿಂತಿದ್ದರು. ಮಧ್ಯಾಹ್ನ ರತ್ನ ಮುದ್ದೆ ಬಡಿಸಿ ಕರೆದರೆ ಮೇಜಿನ ಹತ್ತಿರ ಬರಲಿಲ್ಲ.

“ಅಳಿಯೋರೆ,” ಎಂದರು. “ಹುಲ್ಲನ್ನ ಕಸಕ್ಕೆ ಹಾಕೋ ಮನ್ಯಾಗೆ ನಾನು ಉಣ್ಣಂಗಿಲ್ಲ. ನನ್ನ ಊರಿಗೆ ಕಳಿಸ್ಕೊಡ್ರಿ.”

ನಾನು ನಗಬಾರದಿತ್ತು. ನಕ್ಕೆ. ರತ್ನ ಬಡಿಸಿದ್ದ ನನ್ನ ತಟ್ಟೆಯನ್ನೂ ಎತ್ತಿಕೊಂಡು ಒಳಗೆ ಹೋದಳು. “ನಮ್ಮಪ್ಪ ಉಣ್ಣದಿದ್ರೆ ಈ ಮನೇಲಿ ಒಲೆ ಹಚ್ಚಲ್ಲ,” ಎಂದು ಅಡುಗೆಮನೆಯಿಂದ ಕೇಳಿಸಿತು. “ಮಂಡಿ ವಾಸಿಯಾಗದೆ ಹೋದ್ರೆ ಅದೂ ನಿಮ್ಮ ತಲೆ ಮೇಲೆ.”

ಆ ಸಂಜೆ ಒಪ್ಪಂದವಾಯಿತು. ಕತ್ತರಿಸಿದ ಹುಲ್ಲು ಇನ್ನು ಮುಂದೆ ಯಾವುದಾದರೂ ಕುರಿಯ ಹೊಟ್ಟೆಗೆ ಹೋಗಬೇಕು. ಮುಂದಿನ ಸಲ ಚೀಲವನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟುಕೊಂಡು ಮದಕರಿಪುರಕ್ಕೆ ಹೋದೆ. ರಸ್ತೆ ಪಕ್ಕದಲ್ಲಿ ಒಬ್ಬ ಕುರಿ ಮೇಯಿಸುತ್ತಿದ್ದ. ಚೀಲ ಬಿಚ್ಚಿ ತೋರಿಸಿದೆ. ಅವನು ಹುಲ್ಲನ್ನು ನೋಡಲಿಲ್ಲ, ನನ್ನನ್ನು ನೋಡಿದ.

“ಸುಮ್ ಸುಮ್ನೆ ಯಾಕ್ ಕೊಡ್ತೀರಿ?”

“ನಮ್ಮ ಮಾವ ಊಟ ಮಾಡ್ಬೇಕು, ಅದಕ್ಕೆ.”

ಅವನು ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಒಂದು ಟಗರು ಬಂದು ಚೀಲಕ್ಕೆ ಮೂತಿ ಹಾಕಿ, ಸೀನಿ, ಹೋಯಿತು. ಆಮೇಲೆ ಇನ್ನೊಂದು ಬಂದಿತು, ಅದೂ ಹೋಯಿತು. ಮೂವತ್ತು ಕುರಿಗಳು ಸಾಲಾಗಿ ಬಂದು ನನ್ನ ಹುಲ್ಲನ್ನು ಮೂಸಿ, ಸಾವಿನ ಮನೆಯಲ್ಲಿ ಮುಖ ನೋಡಿ ಹೋಗುವವರ ಹಾಗೆ, ಗಂಭೀರವಾಗಿ ಮುಂದಕ್ಕೆ ಹೋದವು. ಕುರಿಗಾರ ನನ್ನ ಭುಜ ಮುಟ್ಟಿ, “ತಗಂಡ್ ಹೋಗ್ರಿ ಸಾರ್, ಮನೇಗೆ ಹೋಗ್ ಮಲಿಕ್ಕಳ್ರಿ” ಎಂದ.

ಮಾವ ನನ್ನ ಮಾತು ನಂಬಲಿಲ್ಲ. “ಕುರಿ ಹುಲ್ಲು ತಿನ್ನಂಗಿಲ್ಲ ಅಂದ್ರೆ ಬಸ್ಸು ಡೀಸೆಲ್ ಕುಡ್ಯಂಗಿಲ್ಲ ಅಂದಂಗೆ,” ಎಂದರು. ಊರಿಗೆ ಫೋನ್ ಮಾಡಿಸಿದರು. ಮರುದಿನವೇ ಲಗೇಜ್ ಆಟೊದಲ್ಲಿ ಒಂದು ಕರಿ ಕುರಿ ಬಂದಿಳಿಯಿತು. ಹಣೆಯ ಮೇಲೆ ಬಿಳಿ ಚುಕ್ಕೆ, ಹೆಸರು ಚುಕ್ಕಿ. ಮಾವ ಗೇಟು ಹಾಕಿಸಿ, ನನ್ನ ಕಣ್ಣೆದುರಿಗೇ ಅದನ್ನು ಲಾನಿನ ಮೇಲೆ ಬಿಟ್ಟರು. ನಾನು ಒಳಗೆ ಹೋಗಿ ದೇವರ ಮುಂದೆ ಕೂತೆ. ಒಂದು ವರ್ಷದ ಬೆವರು.

ಅರ್ಧ ಗಂಟೆಯ ಮೇಲೆ ರತ್ನ ಕರೆದಳು. “ರೀ, ಬರ್ರಿ ಇಲ್ಲಿ. ವಿಚಿತ್ರ ಐತೆ.”

ಚುಕ್ಕಿ ನನ್ನ ಮೆಕ್ಸಿಕನ್ ಹುಲ್ಲಿನ ಒಂದು ಎಳೆಯನ್ನೂ ಮುಟ್ಟಿರಲಿಲ್ಲ. ಮೂತಿಯಿಂದ ಅದನ್ನು ಸರಿಸಿ ಸರಿಸಿ, ನಡುವೆ ಅಡಗಿದ್ದ ಗರಿಕೆಯನ್ನು ಮಾತ್ರ ಆರಿಸಿ ತಿನ್ನುತ್ತಿತ್ತು. ಕನ್ನಡಕ ಹಾಕಿಕೊಂಡು ನಾನು ಒಂದು ವರ್ಷದಲ್ಲಿ ಕಾಣದ ಗರಿಕೆ ಅದಕ್ಕೆ ಕಾಣುತ್ತಿತ್ತು. ಹಲ್ಲಿನಲ್ಲಿ ಹಿಡಿದು, ತಲೆಯನ್ನು ಸಣ್ಣಗೆ ಒಂದು ಸಲ ಎಳೆದರೆ ಸರಕ್ಕನೆ ಉದ್ದನೆಯ ಬಳ್ಳಿಯೇ ಎದ್ದು ಬರುತ್ತಿತ್ತು. ಮಾವ ಕೋಲಿನ ಮೇಲೆ ಗದ್ದ ಊರಿ, “ಮನುಷ್ಯಂಗೆ ರುಚಿ ಗೊತ್ತಾಗಲ್ಲ, ಕುರೀಗೆ ಗೊತ್ತಾಗ್ತೈತೆ,” ಎಂದರು. ಅವತ್ತು ಮೇಜಿನ ಮುಂದೆ ಕುಳಿತು ಎರಡು ಮುದ್ದೆ ಉಂಡರು.

ಮೂರು ವಾರದಲ್ಲಿ ನನ್ನ ಲಾನು ಮಖಮಲ್ಲಾಯಿತು. ಹಿಕ್ಕೆ ಬಿದ್ದ ಕಡೆ ಇನ್ನೂ ದಟ್ಟವಾಯಿತು. ಪಕ್ಕದ ಮನೆಯ ಪರಮೇಶ್ವರಪ್ಪನವರು, ನಿವೃತ್ತ ಪ್ರಾಂಶುಪಾಲರು, ಕಾಂಪೌಂಡಿನ ಆಚೆಯಿಂದ ದಿನಾ ನೋಡುತ್ತಿದ್ದವರು, ಒಂದು ದಿನ ಗಂಟಲು ಸರಿಮಾಡಿಕೊಂಡು ಕೇಳಿದರು. “ತಿಮ್ಮಣ್ಣನವರೆ, ತಮ್ಮ ಕುರಿಯವರನ್ನ ನಾಳೆ ಒಂದು ಗಂಟೆ ಕಳಿಸಿಕೊಡೋದಕ್ಕೆ ಆಗುತ್ತಾ?” ಕುರಿಯವರು ಎಂದದ್ದು ಮಾವನನ್ನೋ ಚುಕ್ಕಿಯನ್ನೋ ತಿಳಿಯಲಿಲ್ಲ. ಇಬ್ಬರನ್ನೂ ಕಳಿಸಿದೆ.

ಆಮೇಲೆ ಬೀದಿಯಲ್ಲಿ ಲಾನ್ ಇದ್ದ ಆರೂ ಮನೆಯವರು ಬಂದರು. ಮೂವತ್ತು ವರ್ಷದ ಅಭ್ಯಾಸ ನೋಡಿ, ನಾನು ವೇಳಾಪಟ್ಟಿ ಬರೆದು ಗೇಟಿಗೆ ಅಂಟಿಸಿದೆ. ಚುಕ್ಕಿ ಬೆಳಿಗ್ಗೆ ಆರೂ ಮೂವತ್ತಕ್ಕೆ ಹೊರಟು, ಪ್ರಾಂಶುಪಾಲರ ಮನೆ ಮಾರ್ಗವಾಗಿ, ಎಂಟು ಗಂಟೆಗೆ ಮೂಲೆ ಮನೆ ತಲುಪುವುದು. ಬದುಕಿನಲ್ಲಿ ಮೊದಲ ಬಾರಿಗೆ ನಾನು ಬರೆದ ಹೊತ್ತಿಗೆ ಸರಿಯಾಗಿ ಒಂದು ವಾಹನ ಹೊರಟು ತಲುಪುತ್ತಿತ್ತು. ಕುರಿಯ ಹಿಂದೆ ಮಾವ ಕಂಬಳಿ ಹೊದ್ದು, ಬಲಗಾಲನ್ನು ಮರದ ಕಾಲಿನ ಹಾಗೆ ನೆಟ್ಟಗೆ ಎಸೆಯುತ್ತ ನಡೆಯುತ್ತಿದ್ದರು. ಅವರ ಮುಖದಲ್ಲಿ ಬೆಳಕಿತ್ತು. ಆದರೆ ಮಂಡಿ ಮಾತ್ರ ಹಾಗೆಯೇ ಇತ್ತು. ಪ್ರತಿ ಸೋಮವಾರ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ, “ಅಜ್ಜ, ಸ್ವಲ್ಪ ಮಡಚಿ ನೋಡಾಣ” ಎಂದರೆ, “ಎಲ್ಲಿ ಬರ್ತೈತಮ್ಮ, ಕೊರಡು ಆಗೈತೆ” ಎನ್ನುತ್ತಿದ್ದರು. ಆಕೆ ಎಕ್ಸ್‌ರೇ ಫೋಟೊ ನೋಡುವಳು, ಮಂಡಿ ಒತ್ತುವಳು, ಮತ್ತೆ ಫೋಟೊ ನೋಡುವಳು. “ಎಲುಬು ಚೆನ್ನಾಗೇ ಇದೆ ಸಾರ್, ಯಾಕೋ ಗೊತ್ತಾಗ್ತಿಲ್ಲ,” ಎಂದು ನನಗೆ ಹೇಳುವಳು.

ಇಷ್ಟರಲ್ಲಿ ಕಷ್ಟ ಎಲ್ಲಿಂದ ಬಂದಿತೆಂದರೆ, ಗರಿಕೆ ಮುಗಿದುಹೋಯಿತು. ನಮ್ಮ ಮನೆಯಲ್ಲಿ ಮೊದಲು ಮುಗಿಯಿತು, ಆಮೇಲೆ ಬೀದಿಯಲ್ಲೆಲ್ಲ ಮುಗಿಯಿತು. ಚುಕ್ಕಿ ಹಸಿರು ಮಖಮಲ್ಲಿನ ನಡುವೆ ನಿಂತು ಹಸಿವಿನಿಂದ ಕೂಗತೊಡಗಿತು. ಮೂರು ತಿಂಗಳೂ ಮುಗಿಯುತ್ತ ಬಂದಿತ್ತು. ನಾನು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಬಹಳ ಉದಾರವಾಗಿ, “ಮಾವ, ಚುಕ್ಕಿ ಕೆಲಸ ಮುಗೀತು, ಪಾಪ, ಊರಿಗೆ ಕಳಿಸೋಣ. ಡಾಕ್ಟರು ಹೂಂ ಅಂದ್ರೆ ನೀವೂ ಜೊತೆಗೇ ಹೋಗ್ಬೋದು” ಎಂದೆ. ಮಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ಆಮೇಲೆ ಎತ್ತಿಕೊಂಡು ಉಂಡರು. ರತ್ನ ನನ್ನನ್ನು ನೋಡಿದಳು. ನಾನು ಏನು ತಪ್ಪು ಹೇಳಿದೆನೆಂದು ನನಗೆ ತಿಳಿಯಲಿಲ್ಲ.

ಅದಾದ ಐದಾರು ದಿನಕ್ಕೆ ಲಾನಿನಲ್ಲಿ ಗರಿಕೆ ಮತ್ತೆ ಕಾಣಿಸಿತು. ಕಾಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸಾಲಾಗಿ ಕಾಣಿಸಿತು. ಗೇಣಿಗೊಂದು, ಗೇಣಿಗೊಂದು, ದಾರ ಹಿಡಿದು ನೆಟ್ಟ ಮೆಣಸಿನ ಸಸಿಯ ಹಾಗೆ. ಗರಿಕೆಗೆ ಶಿಸ್ತು ಬಂದದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಪ್ರಾಂಶುಪಾಲರನ್ನು ಕರೆದು ತೋರಿಸಿದೆ. ಅವರು, ಮೆಕ್ಸಿಕನ್ ಹುಲ್ಲಿನ ಸಹವಾಸದಿಂದ ಹೀಗಾಗಿರಬಹುದು ಎಂದರು.

ಮರುದಿನ ಬೆಳಕು ಹರಿಯುವ ಹೊತ್ತಿಗೇ ನೀರು ಬಿಡಲು ಎದ್ದೆ. ಬಾಗಿಲು ತೆಗೆದವನು ಅಲ್ಲೇ ನಿಂತುಬಿಟ್ಟೆ. ಲಾನಿನ ನಡುವೆ ಮಾವ ಕುಳಿತಿದ್ದರು. ಕುರ್ಚಿಯ ಮೇಲಲ್ಲ. ಕುಕ್ಕರುಗಾಲಿನಲ್ಲಿ, ಎರಡೂ ಮಂಡಿಗಳು ಪೂರ್ತಿ ಮಡಚಿ, ಹಿಮ್ಮಡಿಗೆ ತೊಡೆ ತಾಗಿಸಿ, ಹದಿನೆಂಟರ ಹುಡುಗನ ಹಾಗೆ. ಪಕ್ಕದಲ್ಲಿ ಒದ್ದೆ ಗೋಣಿತುಂಡಿನಲ್ಲಿ ಗರಿಕೆಯ ಬೇರು. ಕೈಯಲ್ಲಿ ಕಳೆ ತೆಗೆಯುವ ನನ್ನದೇ ಸಣ್ಣ ಕುರುಪಿ. ಚುಕ್ಕಿ ಅವರ ಬೆನ್ನ ಹಿಂದೆ ನಿಂತು, ನೆಟ್ಟದ್ದನ್ನು ನೆಟ್ಟ ಹಾಗೆಯೇ ತಿಂದುಬಿಡಬಾರದೆಂಬ ತಿಳಿವಳಿಕೆ ಇದ್ದದ್ದರ ಹಾಗೆ, ಕಾಯುತ್ತಿತ್ತು.

ಮಾವ ತಲೆಯೆತ್ತಿದರು. ಅವರು ಮೊದಲು ಗರಿಕೆಯನ್ನು ಮುಚ್ಚಿಡಬೇಕೋ, ಮಂಡಿಯನ್ನು ಮುಚ್ಚಿಡಬೇಕೋ ಎಂದು ನೋಡುತ್ತಿದ್ದರೆಂದು ಕಾಣುತ್ತದೆ.

“ಮಾವ,” ಎಂದೆ, “ಕುಂತ್ಕಂಡೀರಲ್ಲ.”

“ಹೂಂ ಕಣ್ಲಾ.”

“ಯಾವತ್ತಿಂದ ಬರ್ತೈತೆ?”

“ಒಂದು ತಿಂಗ್ಳಾತು.” ಕುರುಪಿಯ ತುದಿಯಿಂದ ಮಣ್ಣು ಕೆದಕಿದರು. “ಆ ಹುಡುಗಿಗೆ ಸುಳ್ಳು ಹೇಳ್ದೆ. ಪಾಪ, ಒಳ್ಳೇ ಹುಡುಗಿ.”

“ಯಾಕೆ ಮಾವ?”

ಅವರು ಇನ್ನೊಂದು ಬೇರು ಇಟ್ಟು, ಮಣ್ಣು ಒತ್ತಿದರು. “ಊರಾಗೆ ಈಗ ಮೊಮ್ಮಗ ಬೈಕ್ ಮೇಲೆ ಕುರಿ ಕಾಯ್ತಾನೆ. ನಾನು ಕೋಲು ಹಿಡ್ಕಂಡ್ ಹೊಂಟ್ರೆ, ತಾತ ನೀನು ಕುಂತ್ಕ, ಕುಂತ್ಕ ಅಂತಾರೆ. ದಿನಾ ಕಟ್ಟೆ ಮೇಲೆ ಕುಂಡ್ರುಸ್ತಾರೆ. ಇಲ್ಲಿ ಕುಂಡ್ರಕ್ಕೆ ಬರಲ್ಲ ಅಂದ್ರೆ ಕುರಿ ಹಿಂದೆ ಓಡಾಡಕ್ ಬಿಡ್ತೀರಿ.” ಚುಕ್ಕಿಯ ಕಡೆ ನೋಡಿದರು. “ಇದಕ್ಕೆ ಮೇವು ಮುಗುದ್ರೆ ಇದನ್ನ ಕಳುಸ್ತೀ. ಇದು ಹೋದ್ರೆ ನಾನೂ ಹೋಗ್ಬೇಕು. ಅದಕ್ಕೆ.”

ಮೂರು ತಿಂಗಳು ನಾನು ಅವರ ಮಂಡಿಯನ್ನು ಸ್ಕೂಟರಿನಲ್ಲಿ ಹೊತ್ತುಕೊಂಡು ತಿರುಗಿದ್ದೆ. ಒಂದು ವರ್ಷ ನನ್ನ ಮಂಡಿಯನ್ನು ಈ ಹುಲ್ಲಿಗೆ ತೆತ್ತಿದ್ದೆ. ಒಬ್ಬ ನಿವೃತ್ತನಿಗೆ ಇನ್ನೊಬ್ಬ ನಿವೃತ್ತನ ಸಂಕಟ ತಿಳಿಯಲು ಇಷ್ಟು ಗರಿಕೆ ಬೇಕಾಯಿತೆಂದು ನಾಚಿಕೆಯೂ ಆಯಿತು. ಪಂಚೆ ಎತ್ತಿ ಕಟ್ಟಿ, ಲಾನಿನ ಮೇಲೆ ನೇರವಾಗಿ ಕಾಲಿಟ್ಟು ನಡೆದು ಹೋಗಿ ಅವರ ಎದುರು ಕುಳಿತೆ.

“ಎಷ್ಟು ಆಳಕ್ಕೆ ಇಡ್ಬೇಕು ಮಾವ?”

“ಎರಡು ಬೆರಳು ಸಾಕು. ಆದ್ರೆ ಈ ನಿನ್ನ ಹುಲ್ಲು ಐತಲ್ಲ, ಭಾಳ ಒತ್ತೈತೆ. ಗರಿಕೇಗೆ ಉಸಿರಾಡಕ್ಕೇ ಜಾಗ ಬಿಡಲ್ಲ.”

ನಿಜವೇ. ಅಷ್ಟು ಚೆನ್ನಾಗಿ ಬೆಳೆಸಿದ್ದೆ. ನಾನು ಒಂದು ಹಿಡಿ ಮೆಕ್ಸಿಕನ್ ಹುಲ್ಲನ್ನು ಬುಡದಲ್ಲಿ ಹಿಡಿದು ಎಳೆದೆ. ಬರಲಿಲ್ಲ. ಮಾವ ಕುರುಪಿ ಕೊಟ್ಟರು. ಬೇರು ಸಮೇತ ಎದ್ದು ಬಂದ ಮೇಲೆ ಅಂಗೈಯಗಲದ ಕೆಂಪು ಮಣ್ಣು ಕಾಣಿಸಿತು. ಇನ್ನೊಂದು ಹಿಡಿ ಕಿತ್ತೆ, ಮತ್ತೊಂದು ಕಿತ್ತೆ. ನಾನು ಕೀಳುತ್ತಾ ಹೋದೆ, ಅವರು ನೆಡುತ್ತಾ ಬಂದರು.

ಅಷ್ಟರಲ್ಲಿ ಒಳಗೆ ದೀಪ ಹತ್ತಿತು. ಪಾತ್ರೆ ಸದ್ದಾಯಿತು. ಮಾವ ಗಾಬರಿಯಿಂದ ಎದ್ದು, ಬಲಗಾಲನ್ನು ನೆಟ್ಟಗೆ ಮಾಡಿಕೊಂಡು, ಕೋಲು ಹಿಡಿದು ನಿಂತರು. ಹೇಳಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದರು.

“ಏನ್ರಿ ಅದು, ಇಷ್ಟ್ ಹೊತ್ನಾಗೆ ಇಬ್ರೂ?” ರತ್ನ ಕಿಟಕಿಯಿಂದ ಕೇಳಿದಳು.

“ಏನಿಲ್ಲ,” ಎಂದೆ, ಕೈಯಲ್ಲಿದ್ದ ಮೆಕ್ಸಿಕನ್ ಹುಲ್ಲನ್ನು ಕಾಂಪೌಂಡಿನ ಮೂಲೆಗೆ ಎಸೆಯುತ್ತ. “ಕಳೆ ಕೀಳ್ತಾ ಇದೀನಿ.”